ಗುಣಿಯಲ್ಲಿ ಹೆಪ್ಪು ನಿಲ್ಲಲಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಲ್ಲು ಕೀಳಿಸುವುದರ ಬಗ್ಗೆಯೇ ಇವೆ. ಹಾಗಾಗಿ ಬಾಯಿ ವಾಸನೆ, ಹಲ್ಲು ಜುಮ್ಮೆನ್ನುವುದು, ಕ್ಲಿಪ್ ಹಾಕಿಸುವುದು ಇವನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬರೆದವರು ದಯವಿಟ್ಟು ಕಾಯಬೇಕು.

ಅಡಿಕೆ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ 24 ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಹಲ್ಲು ಕೀಳಿಸಲು ಬಂದವರು ಕುರ್ಚಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಅಂತ ದಿನವೂ ನೋಡುತ್ತೇನೆ. ಅವರಿಗೆ ನಾನು ಹೇಳುವುದು ಇಷ್ಟೇ. ಹಲ್ಲು ಕೀಳುವ ಹತ್ತಿಪ್ಪತ್ತು ನಿಮಿಷ ನನ್ನ ಕೆಲಸ. ಆಮೇಲಿನ ಮೂರು ದಿನ ನಿಮ್ಮ ಕೆಲಸ. ಗಾಯ ಮಾಯುವುದು ಆ ಮೂರು ದಿನದ ಮೇಲೆ ನಿಂತಿದೆ.

ಪ್ರಶ್ನೆ: ನನಗೆ 41 ವರ್ಷ. ಕೆಳಗಿನ ಎಡಗಡೆ ದವಡೆ ಹಲ್ಲು ಹುಳುಕಾಗಿ ಮುರಿದು ಬರೀ ಬುಡ ಉಳಿದಿದೆ. ಎರಡು ವರ್ಷದಿಂದ ನೋವು ಬಂದಾಗೆಲ್ಲ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದೇನೆ. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಯಾರೋ ಒಬ್ಬ ನಮ್ಮ ದೊಡ್ಡಪ್ಪನ ಹಲ್ಲನ್ನು ಇಂಜೆಕ್ಷನ್ ಇಲ್ಲದೆ ಕಿತ್ತಿದ್ದ. ದೊಡ್ಡಪ್ಪ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಹಲ್ಲು ಕೀಳುವಾಗ ನಿಜವಾಗಿ ಏನೇನು ಮಾಡುತ್ತೀರಿ, ಬಿಡಿಸಿ ಹೇಳಿ ಡಾಕ್ಟ್ರೇ.
— ಒಬ್ಬ ರೈತ, ಹೊಸದುರ್ಗ

ಉತ್ತರ: ಆ ಕೂಗು ನಿಮ್ಮನ್ನು ಎರಡು ವರ್ಷ ನೋವಿನಲ್ಲಿ ಇಟ್ಟಿದೆ. ಅದಕ್ಕೇ ಒಂದನ್ನೂ ಬಿಡದೆ ಹೇಳುತ್ತೇನೆ.

ಮೊದಲು ಬಿ.ಪಿ. ನೋಡುತ್ತೇವೆ. ನೀವು ದಿನಾ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಕೇಳುತ್ತೇವೆ. ಒಂದು ಸಣ್ಣ ಎಕ್ಸ್‌ರೇ ತೆಗೆಯುತ್ತೇವೆ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ಬೇರು ನೆಟ್ಟಗಿದೆಯೋ, ಕೊಕ್ಕೆಯ ಹಾಗೆ ಬಾಗಿದೆಯೋ ಎಕ್ಸ್‌ರೇಯಲ್ಲಿ ಕಾಣುತ್ತದೆ.

ಆಮೇಲೆ ಮರಗಟ್ಟಿಸುವ ಇಂಜೆಕ್ಷನ್. ಮೇಲಿನ ಹಲ್ಲಿಗಾದರೆ ಪಕ್ಕದ ಒಸಡಿಗೇ ಕೊಡುತ್ತೇವೆ. ಅಲ್ಲಿ ಮೂಳೆ ತೆಳು, ಔಷಧಿ ಬೇಗ ಇಳಿಯುತ್ತದೆ. ಕೆಳಗಿನ ದವಡೆಯ ಮೂಳೆ ಗಟ್ಟಿ. ಅದಕ್ಕೆ ಬಾಯಿಯ ಹಿಂಭಾಗದಲ್ಲಿ, ನರವು ಮೂಳೆಯೊಳಗೆ ಹೋಗುವ ಜಾಗದ ಹತ್ತಿರ ಕೊಡಬೇಕು. ಸೂಜಿ ಚುಚ್ಚಿದ್ದು ಒಂದು ಕ್ಷಣ ಗೊತ್ತಾಗುತ್ತದೆ. ಐದು ಹತ್ತು ನಿಮಿಷದಲ್ಲಿ ಆ ಕಡೆಯ ಅರ್ಧ ತುಟಿ, ಅರ್ಧ ನಾಲಿಗೆ ದಪ್ಪಗಾದ ಹಾಗೆ ಅನ್ನಿಸುತ್ತದೆ. ತುಟಿ ಊದಿಕೊಂಡಿದೆ ಅಂತ ಎಷ್ಟೋ ಜನ ಕನ್ನಡಿ ಕೇಳುತ್ತಾರೆ. ಊದಿರುವುದಿಲ್ಲ. ಒಸಡನ್ನು ಅಲ್ಲಲ್ಲಿ ಚುಚ್ಚಿ ನೋಡಿ, ನೋವಿಲ್ಲ ಅಂತ ನೀವು ಹೇಳಿದ ಮೇಲೆಯೇ ಮುಂದಿನ ಕೆಲಸ.

ನಿಮ್ಮ ದೊಡ್ಡಪ್ಪನಿಗೆ ಸಿಗದೇ ಹೋದದ್ದು ಇದೊಂದೇ ಇಂಜೆಕ್ಷನ್. ಅದರಲ್ಲಿರುವ ಔಷಧಿ ಸಾಮಾನ್ಯವಾಗಿ ಲಿಗ್ನೋಕೇನ್, 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು. ಅದಕ್ಕೂ ಸುಮಾರು ನೂರು ವರ್ಷ ಮುಂಚೆ, 1844ರಲ್ಲಿ, ಹೊರೇಸ್ ವೆಲ್ಸ್ ಎಂಬ ಅಮೆರಿಕದ ಹಲ್ಲಿನ ಡಾಕ್ಟರ್ ನಗೆ ಅನಿಲ ಎಳೆದುಕೊಂಡು ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ರೋಗಿಗೆ ನೋವಾಗದೆ ಹಲ್ಲು ಕೀಳಬಹುದೇ ಅಂತ ತಮ್ಮ ಮೇಲೆಯೇ ಪರೀಕ್ಷೆ ಮಾಡಿ ನೋಡಿದರು. ಆ ಮನುಷ್ಯನನ್ನು ನಾನು ಗೌರವದಿಂದ ನೆನೆಯುತ್ತೇನೆ.

ಇನ್ನು ಕೀಳುವುದು. ಇಕ್ಕಳ ಹಾಕಿ ಜಗ್ಗುತ್ತೇವೆ ಅಂತ ಜನ ತಿಳಿದಿದ್ದಾರೆ. ನೀವು ರೈತರು, ಬೇಲಿ ಗೂಟ ಕೀಳುವಾಗ ಏನು ಮಾಡುತ್ತೀರಿ? ನೇರ ಮೇಲಕ್ಕೆ ಎಳೆದರೆ ಬರುವುದಿಲ್ಲ. ಆ ಕಡೆ ಈ ಕಡೆ ಅಲ್ಲಾಡಿಸಿ ಗುಣಿಯನ್ನು ಸಡಿಲ ಮಾಡುತ್ತೀರಿ, ಆಮೇಲೆ ಅದು ಸುಲಭವಾಗಿ ಬರುತ್ತದೆ. ನಾವು ಮಾಡುವುದೂ ಅದನ್ನೇ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಕಾಲು ಮಿಲಿಮೀಟರಿನಷ್ಟು ನಾರಿನ ಪದರ ಇರುತ್ತದೆ. ಆ ನಾರು ಬಿಟ್ಟುಕೊಳ್ಳಬೇಕು, ಸುತ್ತಲಿನ ಮೂಳೆ ಸ್ವಲ್ಪ ಅಗಲವಾಗಬೇಕು. ಅವಸರ ಮಾಡದೆ ಒತ್ತುತ್ತಾ ಇದ್ದರೆ ಹಲ್ಲು ತಾನೇ ಎದ್ದು ಬರುತ್ತದೆ. ನಿಮ್ಮ ಹಲ್ಲಿನಲ್ಲಿ ಬರೀ ಬುಡ ಉಳಿದಿರುವುದರಿಂದ ಎರಡು ಬೇರನ್ನು ಬೇರೆ ಬೇರೆ ಮಾಡಿ ತೆಗೆಯಬೇಕಾಗಬಹುದು. ಆಗ ಡ್ರಿಲ್ ಸದ್ದು ಕೇಳಿಸುತ್ತದೆ.

ಇಂಜೆಕ್ಷನ್ ನೋವನ್ನು ತಡೆಯುತ್ತದೆ, ಒತ್ತುವುದನ್ನು ತಡೆಯುವುದಿಲ್ಲ. ಯಾರೋ ದವಡೆಯನ್ನು ಅದುಮಿದ ಹಾಗೆ ಆಗಿಯೇ ಆಗುತ್ತದೆ. ಕಟಕ್ ಅಂತ ಶಬ್ದವೂ ಬರುತ್ತದೆ. ಅದು ಮೂಳೆಯ ಮೂಲಕ ನೇರ ಕಿವಿಗೆ ಹೋಗುವುದರಿಂದ ನಿಮಗೆ ಜೋರಾಗಿ ಕೇಳುತ್ತದೆ, ಪಕ್ಕದಲ್ಲಿ ನಿಂತ ನನಗೆ ಅಷ್ಟು ಕೇಳುವುದಿಲ್ಲ. ಅದುಮಿದ್ದು ಮೀರಿ ಚುಚ್ಚಿದ ಹಾಗೆ ನೋವಾದರೆ ಎಡಗೈ ಎತ್ತಿ. ನಿಲ್ಲಿಸಿ, ಇನ್ನೊಂದಿಷ್ಟು ಔಷಧಿ ಕೊಡುತ್ತಾರೆ. ನೋವು ತಡೆದುಕೊಂಡು ಕೂರುವ ಅಗತ್ಯ ಇಲ್ಲವೇ ಇಲ್ಲ.

ಈಗ ನೋವು ಕಡಿಮೆ ಇದ್ದರೆ ಈಗಲೇ ಹೋಗಿ. ಕೀವು ತುಂಬಿ ಕೆನ್ನೆ ಬಾತಾಗ ಆ ಜಾಗ ಆಮ್ಲೀಯವಾಗಿರುತ್ತದೆ, ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಎಲ್ಲರೂ ತಡೆಯಲಾಗದ ದಿನ ಬರುತ್ತಾರೆ, ಅದೇ ಕಷ್ಟದ ದಿನ. ಹೋಗುವ ಮುಂಚೆ ತಿಂಡಿ ತಿಂದು ಹೋಗಿ. ಖಾಲಿ ಹೊಟ್ಟೆ ಮತ್ತು ಹೆದರಿಕೆ ಎರಡೂ ಸೇರಿದರೆ ತಲೆ ಸುತ್ತುತ್ತದೆ. ಅಂಗಡಿ ಮಾತ್ರೆಯನ್ನು ಇವತ್ತೇ ಬಿಡಿ. ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದೆ.

ಪ್ರಶ್ನೆ: ಅಮ್ಮನಿಗೆ 64 ವರ್ಷ. ಮೇಲಿನ ಕೋರೆ ಹಲ್ಲು ಅಲ್ಲಾಡುತ್ತಿದೆ, ಕೀವು ಬರುತ್ತಿದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅಂತ ಅಕ್ಕಪಕ್ಕದವರು ಹೆದರಿಸಿದ್ದಾರೆ. ಅಮ್ಮ ಹಾರ್ಟ್‌ಗೆ ಎಕೋಸ್ಪ್ರಿನ್, ಜೊತೆಗೆ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಕೋಸ್ಪ್ರಿನ್ ಐದು ದಿನ ನಿಲ್ಲಿಸಿ ಹೋಗಬೇಕಾ?
— ಮಗಳು, ತುಮಕೂರು

ಉತ್ತರ: ಕಣ್ಣು ಹೋಗುವುದಿಲ್ಲ. ನಮ್ಮ ಅಜ್ಜಿಯೂ ಇದೇ ಮಾತಿಗೆ ಹೆದರಿ ಆರು ವರ್ಷ ಒಂದೇ ಕಡೆ ಅಗಿದರು. ಹಾಗಾಗಿ ಈ ಮಾತಿನ ಮೇಲೆ ನನಗೆ ಕೋಪವಿದೆ.

ಕಣ್ಣಿಗೆ ನೋಟ ಕೊಡುವುದು ಮೆದುಳಿನಿಂದ ಹೊರಡುವ ಎರಡನೇ ನರ. ಹಲ್ಲಿನ ನೋವನ್ನು ಮುಟ್ಟಿಸುವುದು ಐದನೇ ನರ. ಎರಡೂ ಬೇರೆ ಬೇರೆ ದಾರಿ, ಬೇರೆ ಬೇರೆ ಕೆಲಸ. ಹಲ್ಲಿನ ಬೇರಿಗೆ ಬರುವುದು ಐದನೇ ನರದ ಸಣ್ಣ ಎಳೆ. ಅದು ಹೋದರೆ ನೋಟಕ್ಕೆ ಏನೂ ಆಗುವುದಿಲ್ಲ. ಹಾಗಾದರೆ ಈ ಮಾತು ಯಾಕೆ ಹುಟ್ಟಿತು? ನನಗೆ ಅನ್ನಿಸುವುದು ಹೀಗೆ. ಹಲ್ಲು ಬೀಳುವ ವಯಸ್ಸಿನಲ್ಲೇ ಕಣ್ಣಿಗೆ ಪೊರೆಯೂ ಬರುತ್ತದೆ. ಒಂದು ಇನ್ನೊಂದಕ್ಕೆ ಕಾರಣ ಅಂತ ಜನ ಜೋಡಿಸಿಬಿಟ್ಟರು. ಇನ್ನೊಂದು, ಕೋರೆ ಹಲ್ಲಿನ ಬೇರು ಉದ್ದ. ಅದರಲ್ಲಿ ಕೀವಾದರೆ ಬಾವು ಕಣ್ಣಿನ ಕೆಳಗಿನವರೆಗೂ ಏರುತ್ತದೆ. ಅಂದರೆ ಆ ಹಲ್ಲನ್ನು ತೆಗೆಸುವುದಕ್ಕಿಂತ, ಕೀವಿನ ಸಮೇತ ಹಾಗೇ ಇಟ್ಟುಕೊಳ್ಳುವುದೇ ಕಣ್ಣಿನ ಸುತ್ತ ತೊಂದರೆ ತರುವುದು.

ಎಕೋಸ್ಪ್ರಿನ್, ಅಂದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ, ಅದರ ವಿಷಯ ಇದಕ್ಕಿಂತ ಮುಖ್ಯ. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ನಮ್ಮ ಸೋದರಮಾವ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದವರು. ಹಲ್ಲು ತೆಗೆಸಬೇಕು, ರಕ್ತ ನಿಲ್ಲುವುದಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಯಾರನ್ನೂ ಕೇಳದೆ ಮಾತ್ರೆ ಬಿಟ್ಟರು. ಆರನೇ ದಿನ ಬೆಳಗಿನ ಜಾವ ಎದೆನೋವು ಬಂತು. ಬದುಕಿದರು, ಆದರೆ ಮೊದಲಿನ ಹಾಗೆ ತೋಟ ಸುತ್ತಲು ಆಗಲೇ ಇಲ್ಲ. ಹಲ್ಲಿನ ಗುಣಿಯ ರಕ್ತ ನಮ್ಮ ಕಣ್ಣೆದುರೇ ಇರುತ್ತದೆ. ಹತ್ತಿ ಒತ್ತಿ, ಹೊಲಿಗೆ ಹಾಕಿ, ರಕ್ತ ಕಟ್ಟುವ ಸ್ಪಂಜು ಇಟ್ಟು ನಿಲ್ಲಿಸಬಹುದು. ಹೃದಯದ ನಾಳದಲ್ಲಿ ಕಟ್ಟಿದ ರಕ್ತವನ್ನು ಹಾಗೆ ಕೈಯಿಂದ ಸರಿ ಮಾಡಲು ಆಗುತ್ತದಾ? ಒಂದೆರಡು ಹಲ್ಲು ತೆಗೆಯಲು ಎಕೋಸ್ಪ್ರಿನ್ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ವಾರ್ಫರಿನ್, ಅಸಿಟ್ರೋಮ್ ತರಹದ ಮಾತ್ರೆ ತೆಗೆದುಕೊಳ್ಳುವವರು ಹಿಂದಿನ ದಿನ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಸುವ ಐ.ಎನ್.ಆರ್. ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟ್ ತೋರಿಸಬೇಕು. ಬದಲಾವಣೆ ಏನಾದರೂ ಬೇಕಿದ್ದರೆ ಅದನ್ನು ಹಾರ್ಟ್ ಡಾಕ್ಟರೇ ಹೇಳಲಿ.

ಶುಗರ್ ಇದ್ದವರು ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು, ಬೆಳಗಿನ ಹೊತ್ತಿನಲ್ಲೇ ಹೋಗುವುದು ಒಳ್ಳೆಯದು. ಹಲ್ಲು ಕೀಳಿಸುವುದು ಅಂತ ಉಪವಾಸ ಮಾಡಿ ಶುಗರ್ ಇಳಿಸಿಕೊಂಡು ಬಂದವರನ್ನು ನೋಡಿದ್ದೇನೆ. ಕೈ ನಡುಗಿ, ಬೆವರಿ, ಕುರ್ಚಿಯಲ್ಲೇ ಕುಸಿದಿದ್ದಾರೆ.

ಇನ್ನೊಂದು ಪ್ರಶ್ನೆ ಅಮ್ಮನನ್ನು ಕೇಳಿ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಂಡಿದ್ದಾರಾ? ಈ ಔಷಧಿಗಳಲ್ಲಿ ಕೆಲವು ದವಡೆ ಮೂಳೆ ಮಾಯುವುದನ್ನು ತಡೆಯಬಹುದು. ಹಲ್ಲಿಗೂ ಅದಕ್ಕೂ ಏನು ಸಂಬಂಧ ಅಂತ ಹೇಳದೆ ಬಿಡುವವರೇ ಜಾಸ್ತಿ. ಚೀಟಿ ಸಿಗದಿದ್ದರೆ ಮನೆಯಲ್ಲಿರುವ ಮಾತ್ರೆ ಡಬ್ಬಿಯನ್ನೇ ಹಿಡಿದುಕೊಂಡು ಹೋಗಿ.

ಪ್ರಶ್ನೆ: ಕೆಳಗಿನ ದವಡೆ ಹಲ್ಲು ಕೀಳಿಸಿ ಮೂರು ದಿನ ಆಯಿತು. ಮೊದಲ ಎರಡು ದಿನ ಚೆನ್ನಾಗಿತ್ತು. ನಿನ್ನೆ ರಾತ್ರಿಯಿಂದ ಕಿವಿಯವರೆಗೂ ಸಿಡಿಯುವ ನೋವು. ಬಾಯಲ್ಲಿ ಕೆಟ್ಟ ವಾಸನೆ. ಡಾಕ್ಟರ್ ಹಲ್ಲಿನ ಚೂರು ಒಳಗೇ ಬಿಟ್ಟಿದ್ದಾರಾ?
— ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ನೀವು ಬರೆದ ಲಕ್ಷಣ ನೋಡಿದರೆ ಚೂರು ಬಿಟ್ಟದ್ದಲ್ಲ, ಗುಣಿ ಒಣಗಿದ್ದು ಅನ್ನಿಸುತ್ತದೆ. ನಾವು ಡ್ರೈ ಸಾಕೆಟ್ ಅನ್ನುತ್ತೇವೆ. ಈ ಪತ್ರ ಅಚ್ಚಾಗುವ ಹೊತ್ತಿಗೆ ನಿಮ್ಮ ನೋವು ಹೋಗಿರಬಹುದು. ಬೇರೆಯವರಿಗೆ ಬರಬಾರದು ಅಂತ ಇದನ್ನು ಉದ್ದಕ್ಕೇ ಬರೆಯುತ್ತಿದ್ದೇನೆ.

ಹಲ್ಲು ಕಿತ್ತ ಜಾಗದಲ್ಲಿ ಗುಣಿ ಉಳಿಯುತ್ತದೆ. ಅದು ರಕ್ತದಿಂದ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಬ್ಯಾಂಡೇಜು, ಅದೇ ಔಷಧಿ, ಮುಂದೆ ಬೆಳೆಯುವ ಮೂಳೆಗೆ ಅದೇ ಬುನಾದಿ. ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಮುಟ್ಟುತ್ತೇವಾ? ಆಯಿತೋ ಇಲ್ಲವೋ ಅಂತ ಗಳಿಗೆಗೊಮ್ಮೆ ಅಲ್ಲಾಡಿಸಿದರೆ ಮೊಸರು ಒಡೆದು ನೀರು ಬಿಡುತ್ತದೆ. ಬಾಯಿಯ ಗುಣಿಯಲ್ಲೂ ಹಾಗೇ. ಒಂದು ದಿನ ಸುಮ್ನೆ ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ. ಉಗಿದರೆ, ಜೋರಾಗಿ ಮುಕ್ಕಳಿಸಿದರೆ, ಸ್ಟ್ರಾ ಹಾಕಿ ಎಳನೀರು ಎಳೆದರೆ ಕಿತ್ತು ಬರುತ್ತದೆ. ಆಗ ಒಳಗಿನ ಮೂಳೆ ಬರಿದಾಗಿ ಗಾಳಿಗೆ, ಎಂಜಲಿಗೆ ತೆರೆದುಕೊಳ್ಳುತ್ತದೆ. ಅದರ ನೋವು ಎರಡರಿಂದ ನಾಲ್ಕನೇ ದಿನದ ನಡುವೆ ಶುರುವಾಗುತ್ತದೆ. ಕೆಳದವಡೆ ಮತ್ತು ಕಿವಿಯ ಹತ್ತಿರಕ್ಕೆ ಬರುವುದು ಒಂದೇ ನರದ ಕವಲುಗಳು. ಅದಕ್ಕೇ ಕಿವಿ ಸಿಡಿಯುತ್ತದೆ.

ಇದು ನನಗೇ ಆಗಿದೆ. ಬಿ.ಡಿ.ಎಸ್. ಕೊನೆಯ ವರ್ಷದಲ್ಲಿ ಕೆಳಗಿನ ಬುದ್ಧಿ ಹಲ್ಲು ತೆಗೆಸಿದ್ದೆ. ಸ್ವಚ್ಛವಾಗಿರಲಿ ಅಂತ ಅವತ್ತು ಸಂಜೆಯಿಂದಲೇ ಹಾಸ್ಟೆಲ್ಲಿನ ತೊಟ್ಟಿಯ ಹತ್ತಿರ ನಿಂತು ಬಿಸಿ ಉಪ್ಪುನೀರಿನಲ್ಲಿ ಮುಕ್ಕಳಿಸಿ ಮುಕ್ಕಳಿಸಿ ಉಗಿದೆ. ಮೂರನೇ ರಾತ್ರಿ ಗೋಡೆಗೆ ಒರಗಿಕೊಂಡು ಬೆಳಗು ಮಾಡಿದೆ. ಆ ರಾತ್ರಿಯಿಂದ ನನಗೆ ಒಂದು ಪಾಠ ಸಿಕ್ಕಿತು. ‘ಉಗಿಯಬೇಡಿ’ ಅಂತ ಹೇಳಿದರೆ ಸಾಲದು, ಯಾಕೆ ಅಂತಲೂ ಹೇಳಬೇಕು. ಈಗ ನನ್ನ ಕುರ್ಚಿಯಿಂದ ಎದ್ದ ಪ್ರತಿಯೊಬ್ಬರಿಗೂ ಹೆಪ್ಪಿನ ಮಾತು ಹೇಳಿಯೇ ಕಳಿಸುತ್ತೇನೆ.

ನೀವು ಮಾಡಬೇಕಾದದ್ದು, ಹಲ್ಲು ತೆಗೆದವರ ಹತ್ತಿರವೇ ವಾಪಸ್ ಹೋಗುವುದು. ಗುಣಿಯನ್ನು ತೊಳೆದು ಲವಂಗದ ಎಣ್ಣೆಯ ಸತ್ವ ಇರುವ ಔಷಧಿಯನ್ನು ಒಳಗೆ ಇಡುತ್ತಾರೆ. ಬಹಳ ಜನರಿಗೆ ಅಲ್ಲೇ, ಕೂತ ಜಾಗದಲ್ಲೇ ನೋವು ಇಳಿಯುತ್ತದೆ. ಒಂದೆರಡು ದಿನಕ್ಕೊಮ್ಮೆ ಅದನ್ನು ಬದಲಾಯಿಸಬೇಕಾಗಬಹುದು. ವಾರ ಹತ್ತು ದಿನದಲ್ಲಿ ಸರಿಹೋಗುತ್ತದೆ. ಮನೆಯಲ್ಲಿ ಲವಂಗದ ಎಣ್ಣೆಯನ್ನು ನೇರ ಸುರಿಯಬೇಡಿ, ಒಸಡು ಸುಡುತ್ತದೆ. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಬರಿದಾದ ಮೂಳೆಯ ನೋವಿಗೆ ಅದು ಪ್ರಯೋಜನಕ್ಕೆ ಬರುವುದಿಲ್ಲ.

ಎಲ್ಲ ಸರಿಯಾಗಿ ಪಾಲಿಸಿದವರಿಗೂ ಕೆಲವೊಮ್ಮೆ ಹೀಗಾಗುತ್ತದೆ. ಕೆಳಗಿನ ದವಡೆ ಹಲ್ಲು, ಕಷ್ಟಪಟ್ಟು ತೆಗೆದ ಹಲ್ಲು, ಬೀಡಿ ಸಿಗರೇಟು ಸೇದುವವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಇವರಲ್ಲಿ ಜಾಸ್ತಿ. ಹಾಗಾಗಿ ನಿಮ್ಮ ತಪ್ಪು ಅಂತ ಕೊರಗಬೇಡಿ, ಡಾಕ್ಟರ್ ತಪ್ಪು ಅಂತಲೂ ಸಿಟ್ಟಾಗಬೇಡಿ. ಒಂದು ವಿಷಯ ಬೇರೆಯವರಿಗೂ ಗೊತ್ತಿರಲಿ. ಗಾಯದ ಮೇಲೆ ಮೂರನೇ ನಾಲ್ಕನೇ ದಿನ ಬಿಳಿ ಹಳದಿ ಪೊರೆ ಕಂಡು, ನೋವು ಇಲ್ಲದಿದ್ದರೆ ಅದು ಕೀವಲ್ಲ. ಗಾಯ ಮಾಯುತ್ತಿರುವ ಗುರುತು. ಬೆರಳು ಹಾಕಿ ಕೆರೆಯಬೇಡಿ.

ಪ್ರಶ್ನೆ: ಹಲ್ಲು ಕೀಳಿಸಿದ ರಾತ್ರಿ ನಮ್ಮ ಯಜಮಾನರ ಎಂಜಲೆಲ್ಲ ಕೆಂಪಾಗಿತ್ತು. ದಿಂಬಿಗೂ ಅಂಟಿತ್ತು. ಹೆದರಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ಏನೂ ಇಲ್ಲ ಅಂದರು. ಯಾವಾಗ ಹೆದರಬೇಕು?
— ಗೃಹಿಣಿ, ಹಾವೇರಿ

ಉತ್ತರ: ಒಂದು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪು ಮಾಡುತ್ತದೆ. ಮೊದಲ ದಿನ ತಿಳಿಗೆಂಪು ಎಂಜಲು ಸಹಜ. ಉಗಿಯದೆ ನುಂಗಿಬಿಡಲಿ. ತಲೆಗೆ ಇನ್ನೊಂದು ದಿಂಬು ಕೊಡಿ. ಗಟ್ಟಿ ರಕ್ತ ಒಸರುತ್ತಲೇ ಇದ್ದರೆ ಶುದ್ಧವಾದ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಮಡಚಿ, ಸರಿಯಾಗಿ ಗುಣಿಯ ಮೇಲೆ ಇಟ್ಟು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು. ನಿಂತಿತಾ ಅಂತ ನಡುವೆ ತೆಗೆದು ನೋಡುವುದೇ ತಪ್ಪು. ಎರಡು ಸಲ ಹೀಗೆ ಮಾಡಿದರೂ ನಿಲ್ಲದಿದ್ದರೆ ರಾತ್ರಿಯಾದರೂ ಹೋಗಿ. ನುಂಗಲು ಕಷ್ಟವಾದರೆ, ಉಸಿರಾಡಲು ಕಷ್ಟವಾದರೆ, ಬಾವು ಗಂಟಲ ಕಡೆಗೆ ಇಳಿಯುತ್ತಿದ್ದರೆ, ಜ್ವರ ಏರಿದರೆ ಬೆಳಗಾಗಲಿ ಅಂತ ಕಾಯಬೇಡಿ. ನೀವು ಓಡಿದ್ದು ತಪ್ಪಲ್ಲ ತಾಯಿ.

ಪ್ರಶ್ನೆ: ಹಲ್ಲು ಕಿತ್ತ ದಿನ ಮುದ್ದೆ ತಿನ್ನಬಹುದಾ?
— ಓದುಗ, ಮಂಡ್ಯ

ಉತ್ತರ: ತಿನ್ನಬಹುದು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅದಕ್ಕಿಂತ ಒಳ್ಳೆಯ ಊಟ ಬೇಕಾ? ಆದರೆ ಎರಡು ಮಾತು. ಬಾಯಿಯ ಜೋಮು ಇಳಿಯುವವರೆಗೆ, ಅಂದರೆ ಎರಡು ಮೂರು ಗಂಟೆ, ಏನೂ ತಿನ್ನಬೇಡಿ. ತುಟಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮುದ್ದೆ ಹಬೆಯಾಡುವಷ್ಟು ಬಿಸಿ ಇರಬಾರದು, ಉಪ್ಪುಸಾರಿನ ಖಾರ ಒಂದೆರಡು ದಿನ ಬೇಡ. ರಾಗಿ ಗಂಜಿ, ಮೊಸರನ್ನ ಕಲೆಸಿದ್ದು, ತಣ್ಣನೆ ಮಜ್ಜಿಗೆ, ಬಾಳೆಹಣ್ಣು ಎಲ್ಲ ಸರಿ. ಮಂಡಕ್ಕಿ, ಕೋಡುಬಳೆ, ಕಡ್ಲೆಕಾಯಿ ವಾರದ ಮಟ್ಟಿಗೆ ದೂರ. ಮಾರನೇ ದಿನದಿಂದ ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಬಾಯಲ್ಲಿ ತುಂಬಿಕೊಂಡು ತಲೆ ವಾಲಿಸಿ ಹಾಗೇ ಬೀಳಲು ಬಿಡಿ. ಜೋರಾಗಿ ಗುಳುಗುಳು ಮಾಡಬೇಡಿ.

ಪ್ರಶ್ನೆ: ನನಗೆ 26. ಬೆಂಗಳೂರಿನಲ್ಲಿ ಕೆಲಸ. ಆರು ವಾರಕ್ಕೆ ಮದುವೆ. ಕೆಳಗಿನ ಬುದ್ಧಿ ಹಲ್ಲು ಅರ್ಧ ಮಾತ್ರ ಹೊರಗೆ ಬಂದಿದೆ, ಈ ವರ್ಷದಲ್ಲಿ ಮೂರು ಸಲ ಊದಿಕೊಂಡಿತು. ಮದುವೆ ಆದ ಮೇಲೆ ತೆಗೆಸಿದರೆ ಸಾಕು ಅಂತ ಅಮ್ಮ ಹೇಳುತ್ತಾರೆ.

ಉತ್ತರ: ಈಗಲೇ ತೆಗೆಸಿ ತಂಗಿ. ಮೂರು ಸಲ ಊದಿದ್ದು ನಾಲ್ಕನೇ ಸಲವೂ ಊದಬಹುದು. ಅದು ಧಾರೆಯ ದಿನವೇ ಆದರೆ?

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ರ ಒಳಗೆ ಬರುತ್ತದೆ. ಜಾಗ ಸಾಲದಿದ್ದರೆ ಅಡ್ಡ ಮಲಗಿ ಮುಂದಿನ ಹಲ್ಲಿಗೆ ಗುದ್ದುತ್ತದೆ. ಅರ್ಧ ಹೊರಬಂದ ಹಲ್ಲಿನ ಮೇಲೆ ಒಸಡಿನ ಮುಚ್ಚಳ ಇರುತ್ತದೆ, ಅದರ ಅಡಿಯಲ್ಲಿ ಅನ್ನದಗುಳು ಸೇರಿ ಕೊಳೆಯುತ್ತದೆ. ನಿಮ್ಮದು ಅದೇ ಇರಬೇಕು. ಇಡೀ ದವಡೆಯ ಎಕ್ಸ್‌ರೇ, ಓ.ಪಿ.ಜಿ., ಮಾಡಿಸಿ. ಕೆಳತುಟಿಗೆ ಸ್ಪರ್ಶ ಕೊಡುವ ನರ ಈ ಬೇರಿನ ಕೆಳಗೇ ಹೋಗುತ್ತದೆ. ಬೇರು ಅದಕ್ಕೆ ತೀರಾ ಹತ್ತಿರ ಇದ್ದರೆ ತುಟಿಯ ಜೋಮು ಕೆಲವು ವಾರ, ಕೆಲವು ತಿಂಗಳು ಉಳಿಯಬಹುದು. ಅಪರೂಪಕ್ಕೆ ಪೂರ್ತಿ ಹೋಗದೆಯೂ ಇರಬಹುದು. ಇದನ್ನು ಮೊದಲೇ ಬಾಯಿಬಿಟ್ಟು ಕೇಳಿ. ಸರಿಯಾಗಿ ವಿವರಿಸುವವರ ಹತ್ತಿರವೇ ಮಾಡಿಸಿ.

ಒಸಡು ಸ್ವಲ್ಪ ಕುಯ್ದು, ಮೂಳೆ ಸ್ವಲ್ಪ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆಯುತ್ತಾರೆ. ಹೊಲಿಗೆ ಬೀಳುತ್ತದೆ. ಬಾವು ಎರಡನೇ ಮೂರನೇ ದಿನ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ, ಆಮೇಲೆ ಇಳಿಯುತ್ತದೆ. ಮೊದಲ ದಿನ ಹೊರಗಿನಿಂದ ಕೆನ್ನೆಗೆ ಐಸು ಬಟ್ಟೆಯಲ್ಲಿ ಸುತ್ತಿ ಇಡಿ. ಬಾಯಿ ಪೂರ್ತಿ ತೆರೆಯಲು ವಾರ, ಎರಡು ವಾರ ಬೇಕು. ಹೊಲಿಗೆ ಸುಮಾರು ಏಳನೇ ದಿನ ಬಿಚ್ಚುತ್ತಾರೆ. ಆರು ವಾರ ಇದೆ ಅಂದರೆ ಸಾಕಷ್ಟು ಸಮಯ ಇದೆ. ತೊಂದರೆ ಕೊಡದ, ಹುಳುಕಿಲ್ಲದ ಬುದ್ಧಿ ಹಲ್ಲನ್ನು ಸುಮ್ನೆ ತೆಗೆಸುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಪ್ರಶ್ನೆ: ನಮ್ಮೆಜಮಾನರಿಗೆ 47. ಇಪ್ಪತ್ತು ವರ್ಷದಿಂದ ಗುಟ್ಕಾ. ಎರಡು ತಿಂಗಳ ಹಿಂದೆ ಅಲ್ಲಾಡುತ್ತಿದ್ದ ಹಲ್ಲನ್ನು ಒಂದು ಕಡೆ ತೆಗೆಸಿದರು. ಗಾಯ ಇನ್ನೂ ಮಾಯ್ದಿಲ್ಲ, ಅಂಚು ಗಟ್ಟಿಯಾಗಿದೆ. ನೋವಿಲ್ಲ ಅಂತ ಅವರು ಡಾಕ್ಟರ ಹತ್ತಿರ ಹೋಗುತ್ತಿಲ್ಲ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ.
— ಚನ್ನಗಿರಿ ಹತ್ತಿರದ ಹಳ್ಳಿ

ಉತ್ತರ: ನಿಮ್ಮ ಪತ್ರಕ್ಕೆ ಸಂಪಾದಕರು ಆಗಲೇ ಅಂಚೆಯಲ್ಲಿ ಉತ್ತರ ಕಳಿಸಿದ್ದಾರೆ, ಸಂಚಿಕೆಯವರೆಗೆ ಕಾಯಬಾರದು ಅಂತ ನಾನೇ ಕೇಳಿಕೊಂಡೆ. ಇಲ್ಲಿ ಮತ್ತೆ ಬರೆಯುತ್ತಿರುವುದು, ನಿಮ್ಮ ಹಾಗೆ ಇನ್ನೂ ಎಷ್ಟೋ ಮನೆಗಳಿವೆ ಅಂತ.

ಹಲ್ಲು ಕಿತ್ತ ಗಾಯದ ಬಾಯಿ ಎರಡು ಮೂರು ವಾರದಲ್ಲಿ ಮುಚ್ಚಿಕೊಳ್ಳಬೇಕು. ಎರಡು ತಿಂಗಳಾದರೂ ಮುಚ್ಚದೆ, ಅಂಚು ಗಟ್ಟಿಯಾಗಿ, ನೋವೂ ಇಲ್ಲ ಅಂದರೆ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ನೋವಿಲ್ಲ ಅನ್ನುವುದು ಇಲ್ಲಿ ಧೈರ್ಯದ ಮಾತಲ್ಲ. ಕೆಲವರಲ್ಲಿ ಹಲ್ಲು ಸಡಿಲವಾದದ್ದೇ ಒಳಗಿನ ಗಂಟಿನಿಂದ ಇರುತ್ತದೆ. ಒಂದು ಸಣ್ಣ ಚೂರು ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳಿಸುತ್ತಾರೆ, ಅದರಿಂದ ಗೊತ್ತಾಗುತ್ತದೆ. ಹತ್ತಿರದ ಡೆಂಟಲ್ ಕಾಲೇಜಿಗೆ, ಇಲ್ಲವೇ ನೇರ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿಪಿಎಲ್ ಕಾರ್ಡು ಇದ್ದರೆ ಜೊತೆಗಿರಲಿ.

ಬಾಯಿ ತೆರೆಯದಿರುವುದು ಬೇರೆ ಕಾಯಿಲೆ. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಪದರ ನಾರುಗಟ್ಟಿರುತ್ತದೆ. ಇದೂ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ನಮ್ಮ ಮನೆಯಲ್ಲೂ ಅಡಿಕೆ ತೋಟವಿದೆ, ನನ್ನ ಓದಿನ ಖರ್ಚು ಆ ತೋಟದಿಂದ ಬಂತು. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ಪಟ್ಟಿಗೆ ಸೇರಿಸಿದೆ. ಕೆಲವು ವರ್ಷದ ಹಿಂದೆ ನಮ್ಮೂರಿನ ಒಬ್ಬರು ಹೀಗೇ ಮಾಯದ ಗುಣಿ ಇಟ್ಟುಕೊಂಡು ಸುಗ್ಗಿ ಮುಗಿಯಲಿ ಅಂತ ನಾಲ್ಕು ತಿಂಗಳು ತಳ್ಳಿದರು. ನನ್ನ ಹತ್ತಿರ ಬಂದಾಗ ಕುತ್ತಿಗೆಯಲ್ಲಿ ಗಂಟು ಸಿಕ್ಕಿತು. ಅವರ ಹೆಂಡತಿ ‘ಮೊದಲೇ ಗೊತ್ತಾಗಿದ್ದರೆ’ ಅಂದದ್ದನ್ನು ಮರೆಯಲು ನನಗೆ ಆಗಿಲ್ಲ.

ಒಂದು ವೇಳೆ ರೇಡಿಯೇಷನ್ ಚಿಕಿತ್ಸೆ ಬೇಕು ಅಂದರೆ, ಹಾಳಾದ ಬೇರೆ ಹಲ್ಲುಗಳನ್ನು ಅದಕ್ಕೂ ಮುಂಚೆಯೇ ತೆಗೆಸಿ, ಗಾಯ ಮಾಯಲು ಸಮಯ ಕೊಡುತ್ತಾರೆ. ರೇಡಿಯೇಷನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಮೂಳೆ ಮಾಯದೆ ಉಳಿಯುವ ಅಪಾಯವಿದೆ. ಗುಟ್ಕಾ ಬಿಡಲು 1800-11-2356 ನಂಬರಿಗೆ ಕರೆ ಮಾಡಿಸಿ, ಅದು ತಂಬಾಕು ಬಿಡಿಸಲು ಇರುವ ಸರ್ಕಾರದ ಉಚಿತ ಸಹಾಯವಾಣಿ. ಅವರು ಬರುವುದಿಲ್ಲ ಅಂದರೆ ಮಕ್ಕಳನ್ನು ಮುಂದೆ ನಿಲ್ಲಿಸಿ ಹೊರಡಿಸಿ.

ಪ್ರಶ್ನೆ: ಆರೂವರೆ ವರ್ಷದ ಮಗಳಿಗೆ ಕೆಳಗಿನ ಹಾಲುಹಲ್ಲು ಬೀಳುವ ಮುಂಚೆಯೇ ಹಿಂದೆ ಹೊಸ ಹಲ್ಲು ಬಂದಿದೆ. ಕೀಳಿಸಬೇಕಾ?
— ಸಾಗರ

ಉತ್ತರ: ಅಲ್ಲಾಡುತ್ತಿದ್ದರೆ ಕೆಲವು ವಾರ ಕಾಯಿರಿ. ದಿನಾ ನಾಲಿಗೆಯಲ್ಲಿ ತಳ್ಳಲಿ, ಕ್ಯಾರೆಟ್ ಕಚ್ಚಲಿ. ಹೆಚ್ಚಿನ ಮಕ್ಕಳಲ್ಲಿ ತಾನೇ ಬೀಳುತ್ತದೆ, ಹೊಸ ಹಲ್ಲನ್ನು ನಾಲಿಗೆ ಮುಂದಕ್ಕೆ ತಳ್ಳುತ್ತದೆ. ಒಂದಿಷ್ಟೂ ಅಲ್ಲಾಡದಿದ್ದರೆ ತೋರಿಸಿ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಸಂಭ್ರಮ ಅವಳಿಗೆ ಇರಲಿ. ಆದರೆ ಹಿಂದಿನ ದವಡೆಯ ಹಾಲುಹಲ್ಲು ಹುಳುಕಾದರೆ ‘ಹೇಗೂ ಬೀಳುತ್ತಲ್ವಾ’ ಅಂತ ಕೀಳಿಸಬೇಡಿ. ಅವು ಹತ್ತು ಹನ್ನೆರಡು ವರ್ಷದವರೆಗೆ ಮುಂದಿನ ಹಲ್ಲಿಗೆ ಜಾಗ ಕಾಯಬೇಕು.

ಪ್ರಶ್ನೆ: ಅಪ್ಪನಿಗೆ 71. ಒಂಬತ್ತು ಹಲ್ಲು ಉಳಿದಿವೆ, ಎಲ್ಲ ಅಲ್ಲಾಡುತ್ತವೆ. ಒಂದೇ ದಿನ ಎಲ್ಲ ಕಿತ್ತು ಮಾರನೇ ದಿನ ಸೆಟ್ ಕೊಡಿ ಅನ್ನುತ್ತಾರೆ. ಖರ್ಚಿನ ಚಿಂತೆಯೂ ಇದೆ.
— ಮಗ, ಚಳ್ಳಕೆರೆ

ಉತ್ತರ: ಅಪ್ಪನ ಆತುರ ಅರ್ಥವಾಗುತ್ತದೆ. ಹಲ್ಲಿಲ್ಲದ ಬಾಯಲ್ಲಿ ನಾಲ್ಕು ಜನರ ನಡುವೆ ಕೂರಲು ಹಿರಿಯರಿಗೆ ಸಂಕೋಚ. ಆದರೆ ಎಲ್ಲ ಒಂದೇ ದಿನ ಬೇಡ. ಒಂದು ಕಡೆ ಮೇಲೆ ಕೆಳಗೆ ತೆಗೆಸಿ, ವಾರ ಹತ್ತು ದಿನ ಬಿಟ್ಟು ಇನ್ನೊಂದು ಕಡೆ. ಆಗ ಯಾವಾಗಲೂ ಒಂದು ಕಡೆ ಊಟಕ್ಕೆ ಉಳಿದಿರುತ್ತದೆ. ಬಿ.ಪಿ., ಶುಗರ್ ಎಷ್ಟಿದೆ ಅಂತ ನೋಡಿ ಡಾಕ್ಟರ್ ಲೆಕ್ಕ ಹಾಕುತ್ತಾರೆ.

ಕಿತ್ತ ಮೇಲೆ ದವಡೆ ಮೂಳೆ ಕರಗುತ್ತದೆ, ಅದರಲ್ಲೂ ಮೊದಲ ಮೂರು ತಿಂಗಳು ಬೇಗ ಬೇಗ. ಗಾಯ ಹಸಿ ಇರುವಾಗಲೇ ಅಳತೆ ತೆಗೆದು ಮಾಡಿದ ಸೆಟ್ ಕೆಲವೇ ವಾರದಲ್ಲಿ ಸಡಿಲವಾಗುತ್ತದೆ. ಹಾಗಾಗಿ ಕೊನೆಯ ಹಲ್ಲು ಕಿತ್ತು ಆರರಿಂದ ಎಂಟು ವಾರ ಕಳೆಯಲಿ. ಕೂಡಲೇ ಕೊಡುವ ತಾತ್ಕಾಲಿಕ ಸೆಟ್ ಕೂಡ ಇದೆ. ಅದನ್ನು ಮತ್ತೆ ಮತ್ತೆ ಸರಿ ಮಾಡಿಸುತ್ತಿರಬೇಕು, ಖರ್ಚು ಎರಡು ಸಲ.

ಖರ್ಚಿನ ಬಗ್ಗೆ ತಾಲ್ಲೂಕು ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಮೊದಲು ಕೇಳಿ. ಬಡ ಕುಟುಂಬದ ಹಿರಿಯರಿಗೆ ಉಚಿತ ಸೆಟ್ ಕೊಡಲು ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿದೆ. ಅಪ್ಪನಿಗೆ ಅನ್ವಯಿಸುತ್ತದಾ ಅಂತ ಅಲ್ಲೇ ಹೇಳುತ್ತಾರೆ. ದಾವಣಗೆರೆಯ ಡೆಂಟಲ್ ಕಾಲೇಜುಗಳಲ್ಲೂ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ. ವಿದ್ಯಾರ್ಥಿಗಳು ಮಾಡುತ್ತಾರೆ ಅಂತ ಹೆದರಬೇಡಿ, ಪಕ್ಕದಲ್ಲಿ ಮೇಷ್ಟ್ರು ನಿಂತಿರುತ್ತಾರೆ. ನಾನೂ ಮೊದಲ ಹಲ್ಲು ಕಿತ್ತದ್ದು ಹಾಗೆಯೇ. ಸಮಯ ಜಾಸ್ತಿ ಹಿಡಿಯುತ್ತದೆ, ನಾಲ್ಕೈದು ಸಲ ಓಡಾಡಬೇಕು. ಚಳ್ಳಕೆರೆಯಿಂದ ಬೆಳಗಿನ ಬಸ್ಸಿಗೇ ಹೊರಡಿ, ಒ.ಪಿ.ಡಿ. ಚೀಟಿ ಬೆಳಿಗ್ಗೆಯೇ ಮಾಡಿಸಬೇಕು. ದಾರಿಯಲ್ಲಿ ಅಪ್ಪನಿಗೆ ಇಡ್ಲಿ ತಿನ್ನಿಸಿ.